ಅಜ್ಜಿ ಹೇಳಿದ ‘ಆಗಲಿ’

ಮಾರ್ಚ್ ಹನ್ನೊಂದು, ಮಂಗಳವಾರ

ಪ್ರೀತಿಯ ಅಮ್ಮನಿಗೆ,

ನಾಡಿದ್ದು ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಗರಸಭೆಯ ಹಣಕಾಸು ಸಮಿತಿಯ ಮುಂದೆ ನಮ್ಮ ಹಿರಿಯರ ರಕ್ಷಣಾ ವಿಭಾಗದ ವರದಿಯನ್ನು ನಾನು ಓದಲಿದ್ದೇನೆ. ಅದರ ಒಂಬತ್ತನೆಯ ಪುಟದಲ್ಲಿರುವುದು ಅಜ್ಜಿಯ ಪ್ರಕರಣ. ಆ ಪುಟದಲ್ಲಿ ಏನಿದೆ, ಏಕಿದೆ ಎಂಬುದನ್ನು ನೀನು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ತಿಳಿಸಬೇಕೆಂಬುದು ಈ ಪತ್ರದ ಉದ್ದೇಶ. ಇದು ಸಲಹೆ ಕೇಳುವ ಪತ್ರವಲ್ಲ.

ಈ ಪುಟದ ಬಗ್ಗೆ ನಾನು ಫೋನಿನಲ್ಲಿ ಹೇಳಿದ ಒಂದು ಮಾತಿಗೆ ಉತ್ತರವಾಗಿ ನಿನ್ನ ಪತ್ರ ನಿನ್ನೆ ಕಚೇರಿಯ ವಿಳಾಸಕ್ಕೆ ಬಂತು. ಮನೆಯ ಮಾತು ಮನೆಯಲ್ಲೇ ಇರಬೇಕು, ಮಾವ ಮುಖ್ಯೋಪಾಧ್ಯಾಯರಾಗುವ ಹೊತ್ತಿನಲ್ಲಿ ಅವರ ಮುಖಕ್ಕೆ ಮಸಿ ಬಳಿಯಬಾರದು, ಅಪ್ಪ ಹೋದ ಮೇಲೆ ನಮ್ಮಿಬ್ಬರ ಬೆನ್ನಿಗೆ ನಿಂತದ್ದು ನಿನ್ನ ತಮ್ಮ ಒಬ್ಬನೇ ಎಂದು ಬರೆದಿದ್ದೀಯ. ಕೊನೆಯ ಮಾತು ನಿಜ. ನನಗೆ ವಾದಿಸಲು ಕಲಿಸಿದವರೇ ಮಾವ. ಚರ್ಚಾಸ್ಪರ್ಧೆಗೆ ಹೊರಟಾಗಲೆಲ್ಲ, ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಂಡವರೇ ಗೆಲ್ಲುವುದು ಎಂದು ಹೇಳಿ ಕಳಿಸುತ್ತಿದ್ದರು. ಅದೇ ಮಾವ ಹನ್ನೊಂದು ತಿಂಗಳಿಂದ ಅಜ್ಜಿಯ ಕಿವಿಯ ಮೆಷಿನ್ ಅನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಕಾರಣವನ್ನು ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನನಗೆ ತಿಳಿಸಿದರು: “ಕಿವಿ ಕೇಳ್ಸಿದ್ರೆ ನಿಮ್ಮಜ್ಜಿಗೆ ಬಾಯಿ ಜಾಸ್ತಿ ಆಗತ್ತೆ. ಹೀಗಿದ್ರೆ ಎಲ್ಲರಿಗೂ ನೆಮ್ಮದಿ.”

ಅಜ್ಜಿ ಸ್ಟೂಲಿನಿಂದ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಳು ಎಂದು ನೀನು ಬರೆದಿದ್ದೀಯ. ಎಂಬತ್ತೊಂದರ ಹೆಂಗಸು ಸ್ಟೂಲು ಹತ್ತಿದ್ದೇಕೆ ಎಂದು ಬರೆದಿಲ್ಲ. ಮಾವ, ಅತ್ತೆ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಶಾಲೆಗೆ ಹೊರಟರೆ ಬರುವುದು ನಾಲ್ಕೂವರೆಗೆ. ಅಲ್ಲಿಯವರೆಗೆ ಅಜ್ಜಿ ಒಂದು ಕೋಣೆಯಲ್ಲಿ, ಚಿಲಕ ಹೊರಗಿನಿಂದ. ಆ ದಿನ ಕುಡಿಯುವ ನೀರು ಮುಗಿದಿತ್ತು. ಎತ್ತರದ ಕಿಟಕಿಯಿಂದ ಪಕ್ಕದ ಮನೆಯವರನ್ನು ಕೂಗಲು ಹತ್ತಿದ್ದಳು.

ನೀನು ಬರೆಯದ ಇನ್ನೊಂದು ಸಂಗತಿಯಿದೆ. ಕಳೆದ ಸೆಪ್ಟೆಂಬರಿನಲ್ಲಿ, ಒಂದು ಭಾನುವಾರ, ಬಟ್ಟೆ ಒಣಹಾಕುವ ನೆಪದಲ್ಲಿ ಅಜ್ಜಿ ಪಕ್ಕದ ಮನೆಗೆ ಹೋಗಿ ಅವರ ಫೋನಿನಿಂದ ಹಿರಿಯರ ಸಹಾಯವಾಣಿಗೆ ದೂರು ಕೊಟ್ಟಳು. ಅತ್ತಲಿನ ಪ್ರಶ್ನೆ ಕೇಳಿಸದ ಕಾರಣ ಹೇಳುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಫೋನ್ ಇಟ್ಟಳಂತೆ. ಆ ಸಹಾಯವಾಣಿ ನನ್ನ ವಿಭಾಗದ್ದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮೊಮ್ಮಗಳ ಮುಂದೆ ಮಾನ ಹೋಗುತ್ತದೆಂದು ಸುಮ್ಮನಿರುತ್ತಿದ್ದಳು. ಹಾಗೆಂದು ಅವಳೇ ಹೇಳಿದಳು.

ನಮ್ಮಲ್ಲಿ ದೂರು ಬಂದ ಮೇಲೆ ನಡೆಯುವುದು ಹೀಗೆ. ಮೂರು ಬಡಾವಣೆಗಳಿಗೆ ಒಬ್ಬರೇ ಭೇಟಿ ಅಧಿಕಾರಿ. ಅಷ್ಟು ದೂರ ಹೋಗಿ ಬೀಗ ನೋಡಿಕೊಂಡು ಬರುವಂತಾಗಬಾರದೆಂದು ಅವರು ಹಿಂದಿನ ದಿನವೇ ಆ ಮನೆಗೆ ಫೋನ್ ಮಾಡುತ್ತಾರೆ. ಆದ್ದರಿಂದ ಅಧಿಕಾರಿ ಹೋದಾಗ ಹಾಸಿಗೆಗೆ ಒಗೆದ ಚಾದರ ಬಂದಿರುತ್ತದೆ, ಹಿರಿಯರು ನಡುಮನೆಯ ಕುರ್ಚಿಗೆ ಬಂದಿರುತ್ತಾರೆ, ಎರಡೂ ಪಕ್ಕದಲ್ಲಿ ಮನೆಯವರು ಕುಳಿತಿರುತ್ತಾರೆ. ಅಜ್ಜಿಯನ್ನೂ ಹಾಗೆಯೇ ಕೂರಿಸಿದ್ದರು.

ಅಜ್ಜಿಯ ಹಳೆಯ ಅಭ್ಯಾಸ ನಿನಗೆ ಗೊತ್ತು. ನಲವತ್ತು ವರ್ಷ ಹೊಲಿಗೆಯಂತ್ರದ ಗಡಗಡದ ನಡುವೆ ಗಿರಾಕಿಗಳು ಏನು ಹೇಳಿದರೂ ಕೇಳಿಸದೆ ‘ಆಗಲಿ’ ಎಂದುಬಿಡುತ್ತಿದ್ದಳು. ತೋಳು ಸಡಿಲವಿರಲಿ ಎಂದರೆ ಆಗಲಿ, ಬಿಗಿಯಿರಲಿ ಎಂದರೆ ಆಗಲಿ. ಹೊಲಿಯುತ್ತಿದ್ದುದು ಮಾತ್ರ ತನಗೆ ಸರಿ ಕಂಡಂತೆ. ಅರ್ಧ ಊರು ಅಜ್ಜಿಗೆ ಕೇಳಿಸದ ಅಳತೆಯ ಅಂಗಿ ತೊಟ್ಟಿದೆ ಎಂದು ನಾವಿಬ್ಬರೂ ನಗುತ್ತಿದ್ದೆವು. ಆ ಭೇಟಿಯ ದಿನ ಅಧಿಕಾರಿ, ಮನೆಯವರು ಚೆನ್ನಾಗಿ ನೋಡಿಕೊಳ್ಳುತ್ತಾರೆಯೇ ಎಂದು ಕೇಳಿದರು. ಆಗಲಿ ಎಂದಳು. ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೆಯೇ? ಆಗಲಿ. ಹಾಗಾದರೆ ದೂರನ್ನು ಮುಕ್ತಾಯ ಮಾಡಬಹುದೇ? ಆಗಲಿ. ಆ ಅಧಿಕಾರಿ ಪ್ರಾಮಾಣಿಕರು. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಬರೆದರು. ಮಾವನ ಸೌಜನ್ಯದ ಬಗ್ಗೆಯೂ ಒಂದು ಸಾಲು ಬರೆದಿದ್ದಾರೆ.

ಆ ಕಡತವನ್ನು ಮುಚ್ಚಿದ ಸಹಿ ನನ್ನದು, ಅಮ್ಮ.

ಕಡತದ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ ಇತ್ತು. ಶಿಫಾರಸು, ಒತ್ತಡ ಯಾವುದೂ ನುಸುಳಬಾರದೆಂದು ಆ ಪದ್ಧತಿಯನ್ನು ತಂದವಳು ನಾನೇ. ಅದಕ್ಕಾಗಿ ಸಭೆಯಲ್ಲಿ ಚಪ್ಪಾಳೆಯನ್ನೂ ಗಳಿಸಿದ್ದೆ. ಒಂದು ಶುಕ್ರವಾರ ಮಧ್ಯಾಹ್ನ ಇಪ್ಪತ್ತಾರು ಕಡತಗಳಿಗೆ ಸಹಿ ಹಾಕಿದೆ. ‘ಹಿರಿಯರು ಮೂರು ಬಾರಿ ಸ್ಪಷ್ಟವಾಗಿ ಆಗಲಿ ಎಂದಿದ್ದಾರೆ’ ಎಂಬ ವಾಕ್ಯವನ್ನು ಓದಿದ್ದು ನೆನಪಿದೆ. ಬರವಣಿಗೆ ಅಚ್ಚುಕಟ್ಟಾಗಿದೆ ಎಂದುಕೊಂಡಿದ್ದೂ ನೆನಪಿದೆ. ಅಜ್ಜಿಯ ದನಿ ನನ್ನ ಮೇಜಿನವರೆಗೆ ಬಂದು ಮೂರು ಸಲ ಕರೆದಿತ್ತು. ನಾನು ಗುರುತು ಹಿಡಿಯಲಿಲ್ಲ.

ವಿಶ್ವವಿದ್ಯಾಲಯಕ್ಕೇ ಮೊದಲಿಗಳಾದವಳಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂದು ಕೇಳಿದ್ದೀಯ. ತಿಳಿದಿರಲಿಲ್ಲ. ಚಿನ್ನದ ಪದಕ ತಂದುಕೊಟ್ಟ ನನ್ನ ಪ್ರಬಂಧ ಹಿರಿಯರ ಮೇಲಿನ ದೌರ್ಜನ್ಯ ತಡೆಯುವ ಬಗೆಗೇ ಇತ್ತು. ಅದರಲ್ಲಿ ಕಾನೂನಿನ ಎಲ್ಲ ಕಲಮುಗಳೂ ಇದ್ದವು. ಕಿವಿ ಎಂಬ ಪದ ಒಂದು ಸಲವೂ ಇರಲಿಲ್ಲ.

ಈಗ ಸಮಿತಿಯ ವಿಷಯ. ನಾವು ಮುಚ್ಚಿದ ಕಡತಗಳನ್ನೇ ಎಣಿಸಿ, ಮುಕ್ಕಾಲುಪಾಲು ದೂರುಗಳು ಬಗೆಹರಿದಿವೆ, ಆದ್ದರಿಂದ ಮುಂದಿನ ವರ್ಷ ಭೇಟಿಗಳ ಅನುದಾನ ಅರ್ಧ ಸಾಕು ಎಂದು ಅವರು ತೀರ್ಮಾನಿಸಹೊರಟಿದ್ದಾರೆ. ಗಾಯ ಮಾಯ್ದ ಮೇಲೆ ಮುಲಾಮು ಯಾಕೆ ಎಂದು ಸಮಿತಿಯ ಅಧ್ಯಕ್ಷರು ನಮ್ಮ ಮೇಲಧಿಕಾರಿಯನ್ನು ಕೇಳಿದರಂತೆ. ನಮ್ಮ ಬೇಡಿಕೆ ದೊಡ್ಡದೇನಲ್ಲ. ಮುನ್ಸೂಚನೆಯಿಲ್ಲದ ಭೇಟಿ, ಪ್ರತಿ ಭೇಟಿಗೆ ಇಬ್ಬರು ಅಧಿಕಾರಿಗಳು. ಒಬ್ಬರು ಮನೆಯವರ ಜೊತೆ ನಡುಮನೆಯಲ್ಲಿ ಮಾತಾಡುತ್ತಿರುವಾಗ ಇನ್ನೊಬ್ಬರು ಬಾಗಿಲು ಮುಚ್ಚಿಕೊಂಡು ಹಿರಿಯರ ಜೊತೆ ಕೂರಬೇಕು, ಅವರ ಚೀಲದಲ್ಲಿ ಕಿವಿಯ ಮೆಷಿನ್ ಒಂದಿರಬೇಕು. ಇದಕ್ಕೆ ಬೇಕಾದ ಹಣ ಬೀದಿದೀಪಕ್ಕೆ ಇಡುವಂತೆ ಪ್ರತಿವರ್ಷ ತಾನಾಗಿ ಬರಬೇಕು. ಯಾರ ದಯೆಯನ್ನೂ ಕಾಯಬಾರದು.

ಒಂಬತ್ತನೆಯ ಪುಟ ಬೇಡವೆಂದು ಮೇಲಧಿಕಾರಿಯೂ ಹೇಳಿದರು. ಒಳ್ಳೆಯವರು, ನನ್ನ ಕಾಯಂ ನೇಮಕಾತಿಯ ಕಾಗದ ಅವರ ಮೇಜಿನ ಮೇಲೇ ಇದೆ. “ನೀನೇ ಅಗೆದ ಗುಂಡಿಗೆ ನೀನೇ ಇಳೀತಿದೀಯಲ್ಲಮ್ಮ,” ಎಂದರು. ಇಳಿಯುತ್ತೇನೆ. ಬೇರೆ ಪ್ರಕರಣಗಳನ್ನು ಆರೋಪವೆಂದು ತಳ್ಳಿಹಾಕಬಹುದು. ಇದೊಂದರಲ್ಲಿ ಮಾತ್ರ ‘ಆಗಲಿ’ ಎಂಬ ಟಿಪ್ಪಣಿಯೂ ಇದೆ, ಮುರಿದ ಮಣಿಕಟ್ಟಿನ ಆಸ್ಪತ್ರೆ ಚೀಟಿಯೂ ಇದೆ, ತಪ್ಪು ಸಹಿ ಹಾಕಿದವಳು ಉತ್ತರ ಹೇಳಲು ಎದುರಿಗೇ ನಿಂತಿರುತ್ತಾಳೆ.

ಅಜ್ಜಿಯನ್ನು ಕೇಳದೆ ನಾನು ಇದನ್ನು ಮಾಡುತ್ತಿಲ್ಲ. ಭಾನುವಾರ ವಾರ್ಡಿಗೆ ಹೋಗಿ, ಆಸ್ಪತ್ರೆಯವರು ಎರವಲು ಕೊಟ್ಟ ಮೆಷಿನ್ ಅವಳ ಕಿವಿಗಿಟ್ಟು ಆ ಪುಟವನ್ನು ಎರಡು ಸಲ ಓದಿದೆ. ಒಂದು ಕಡೆ ನನ್ನನ್ನು ತಿದ್ದಿದಳು: ನಾನು ಮೂಲೆಯ ಕೋಣೆ ಎಂದು ಬರೆದಿದ್ದೆ, ಅದು ಹಳೆ ಸಾಮಾನು ತುಂಬುವ ಕೋಣೆ. ತಿದ್ದಿದ್ದೇನೆ. ಮಾವನಿಗೆ ತೊಂದರೆಯಾಗಬಹುದು ಎಂದೂ ಮುಚ್ಚಿಡದೆ ಹೇಳಿದೆ. “ನಂಗಾದ್ರೂ ಮೆಷಿನ್ ಇದೆ ಕಣೆ, ಅವನ ಕಿವುಡಿಗೆ ಅದೂ ಇಲ್ಲ,” ಎಂದಳು. ಆಮೇಲೆ, “ಹೊಲಿಗೆ ಬಿಚ್ಚದೆ ಅಳತೆ ಸರಿಮಾಡೋಕಾಗಲ್ಲ. ಓದು,” ಎಂದಳು.

ಪುಟದಲ್ಲಿ ಯಾರ ಹೆಸರೂ ಇಲ್ಲ, ನನ್ನದೊಂದನ್ನು ಬಿಟ್ಟು. ಶನಿವಾರ ಅಜ್ಜಿಯನ್ನು ಬಿಡುಗಡೆ ಮಾಡುತ್ತಾರೆ. ನೇರ ನನ್ನ ಮನೆಗೆ ಕರೆತರುತ್ತೇನೆ. ಎರಡೇ ಕೋಣೆ, ಆದರೆ ನೆಲಮಟ್ಟದಲ್ಲಿದೆ. ಕೆಲಸ ಉಳಿದರೂ ಹೋದರೂ ಈ ಏರ್ಪಾಡು ಬದಲಾಗುವುದಿಲ್ಲ. ನೀನು ಬರುವುದಾದರೆ ನಿನಗೂ ಜಾಗವಿದೆ.

ಇಂತು,
ಹಟದಲ್ಲಿ ನಿನ್ನನ್ನೇ ಹೋಲುವ
ಮಗಳು

ತಾ.ಕ.: ನಿನ್ನ ಪತ್ರದೊಳಗೆ ಮಡಿಸಿಟ್ಟಿದ್ದ ಕಾಗದವೂ ಸಿಕ್ಕಿತು. ‘ಮಗನ ಮನೆಯಲ್ಲಿ ನನಗೆ ಯಾವ ತೊಂದರೆಯೂ ಇಲ್ಲ, ದೂರನ್ನು ಹಿಂಪಡೆಯುತ್ತಿದ್ದೇನೆ’ ಎಂದಿದೆ. ಸಹಿ ಅಜ್ಜಿಯದು. ಅಕ್ಷರ ನಿನ್ನದು. ದಿನಾಂಕ, ಅಧಿಕಾರಿ ಭೇಟಿಗೆ ಹೋದದ್ದರ ಹಿಂದಿನ ದಿನದ್ದು, ಅವರ ಫೋನ್ ಬಂದ ದಿನದ್ದು. ಅದನ್ನು ಕಡತಕ್ಕೆ ಸೇರಿಸಿ ಒಂಬತ್ತನೆಯ ಪುಟವನ್ನು ತೆಗೆದುಬಿಡು ಎಂದು ಕೇಳಿದ್ದೀಯ. ತೆಗೆಯುವುದಿಲ್ಲ.