ಕರಡಿ ನಿದ್ದೆ

ಗುರುವಾರ, ಸಂಜೆ
ಆಸ್ಪತ್ರೆಯ ಹೊರಗಿನ ಬೆಂಚು

ಪುಟ್ಟಿಯ ಅಮ್ಮನಿಗೆ,

ನಿಮ್ಮ ಮಗಳ ಮೂರನೇ ಕ್ಲಾಸಿನ ಮಿಸ್ ಬರೆಯುತ್ತಿದ್ದೇನೆ. ಮನೆಯ ದೊಡ್ಡವರನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ. ಪ್ರಜ್ಞೆ ಇಲ್ಲದವರಿಗೂ ಕಿವಿ ಕೇಳಿಸಬಹುದು, ಬರೆದುಕೊಡಿ, ಓದಿ ಹೇಳುತ್ತೇನೆ ಎಂದು ನರ್ಸಮ್ಮ ಹೇಳಿದ್ದಕ್ಕೆ ಈ ಕಾಗದ. ಪುಟ್ಟಿ ನನ್ನ ಪಕ್ಕದಲ್ಲೇ ಕೂತು ಬಿಸ್ಕತ್ತು ತಿನ್ನುತ್ತಿದ್ದಾಳೆ. ನಿಮ್ಮ ಯಜಮಾನರು ಅರ್ಧ ದಾರಿಯಿಂದಲೇ ಲಾರಿ ತಿರುಗಿಸಿದ್ದಾರೆ, ಬೆಳಿಗ್ಗೆ ಬಂದು ಮುಟ್ಟುತ್ತಾರೆ.

ನಿಮಗೆ ಏನಾಯಿತೆಂದು ನಿಮಗೇ ಗೊತ್ತಿರಲಾರದು. ರಾತ್ರಿ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಿಕೊಂಡು ಊಟ ಮಾಡದೆ ಮಲಗಿಬಿಟ್ಟಿದ್ದೀರಿ. ರಕ್ತದ ಸಕ್ಕರೆ ಪೂರ್ತಿ ಇಳಿದು ಮೆದುಳಿಗೆ ಶಕ್ತಿಯೇ ಸಿಕ್ಕಿಲ್ಲ ಎಂದರು ಡಾಕ್ಟರು. ಶಕ್ತಿ! ನಿನ್ನೆಯ ಪಾಠವೇ ಅದು.

ಪ್ರಾಣಿಗಳಿಗೆ ಶಕ್ತಿ ಎಲ್ಲಿಂದ ಬರುತ್ತದೆ? ಹುಲ್ಲಿಗೆ ಬಿಸಿಲು, ಮೊಲಕ್ಕೆ ಹುಲ್ಲು, ನರಿಗೆ ಮೊಲ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮಕ್ಕಳು ಆಕಳಿಸುತ್ತಿದ್ದರು, ನನಗೋ ಉಪ್ಪುಖಾರ ಹಚ್ಚದೆ ಪಾಠ ಮಾಡಿ ಗೊತ್ತಿಲ್ಲ. ಕರಡಿಯ ಚಳಿಗಾಲದ ನಿದ್ದೆಯ ಕಥೆ ತೆಗೆದೆ. ತಿಂಗಳುಗಟ್ಟಲೆ ತಿನ್ನುವುದಿಲ್ಲ, ಮೈಯ ಕೊಬ್ಬೇ ಅದಕ್ಕೆ ಊಟ, ಯಾರಾದರೂ ಎಬ್ಬಿಸಿದರೆ ಕೂಡಿಟ್ಟ ಶಕ್ತಿ ಖರ್ಚಾಗಿ ಸತ್ತೇ ಹೋಗಬಹುದು ಎಂದೆ. ಗುಹೆಯ ಮುಂದೆ ತುಟಿಗೆ ಬೆರಳಿಟ್ಟು ನಡೆಯುವ ಆಟವನ್ನೂ ಆಡಿಸಿದೆ. ನಿಮ್ಮ ಮಗಳು ಎಲ್ಲರಿಗಿಂತ ಮೆತ್ತಗೆ ನಡೆದಳು.

ಇವತ್ತು ಬೆಳಿಗ್ಗೆ ಗುಣಾಕಾರ. ಕರಡಿ ದಿನಕ್ಕೆ ಎಂಟು ಮೀನು ತಿಂದರೆ ಆರು ದಿನಕ್ಕೆ ಎಷ್ಟು? ಎಲ್ಲರೂ ನಲವತ್ತೆಂಟು ಎಂದು ಕೂಗಿದರು. ಇವಳೊಬ್ಬಳು ಎದ್ದು, "ಮಲಗಿದ್ರೆ ಸೊನ್ನೆ ಮಿಸ್. ಸೊನ್ನೆನ ಯಾವುದ್ರಿಂದ ಗುಣಿಸಿದ್ರೂ ಸೊನ್ನೆನೇ," ಎಂದಳು. ಭೇಷ್ ಎಂದು ಇಡೀ ಕ್ಲಾಸಿನ ಕೈಲಿ ಚಪ್ಪಾಳೆ ತಟ್ಟಿಸಿದೆ. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು, ಎರಡರ ಬದಲು ಒಂದೇ ಜಡೆ ಇತ್ತು. ನೋಡಿ ನಕ್ಕೆನೇ ಹೊರತು ಯಾಕೆಂದು ಕೇಳಲಿಲ್ಲ.

ಆಮೇಲೆ ಆಕಾರಗಳ ಪಾಠ. ನಿಮ್ಮ ಮನೆಯ ಕೋಣೆ ಬರೆಯಿರಿ ಎಂದೆ. ಅವಳು ದೊಡ್ಡ ಚೌಕ ಬರೆದು, ಒಳಗೆ ಮಂಚದ ಆಯತ ಬರೆದು, ಅದರ ಮೇಲೆ ನಿಮ್ಮನ್ನು ಮಲಗಿಸಿ, ಚೌಕದ ತುಂಬ ಕಪ್ಪು ಬಳಿಯುತ್ತಿದ್ದಳು. ಯಾಕೆ ಎಂದು ಕೇಳಿದೆ. "ಪರದೆ ಎಳ್ದು ಬಂದಿದೀನಿ ಮಿಸ್. ಅಮ್ಮ ಕರಡಿ ನಿದ್ದೆ ಮಾಡ್ತಿದಾಳೆ. ನಾನು ಒಂಚೂರೂ ಎಬ್ಬಿಸ್ಲಿಲ್ಲ," ಎಂದು ಪಿಸುಗುಟ್ಟಿದಳು. ಇನ್ನೊಮ್ಮೆ ಚಪ್ಪಾಳೆ ಸಿಗುತ್ತದೆಂದು ನನ್ನ ಮುಖವನ್ನೇ ನೋಡುತ್ತಿದ್ದಳು.

ಅವಳ ಕೈ ಹಿಡಿದುಕೊಂಡು ನಿಮ್ಮ ಮನೆಗೆ ಓಡಿದೆ. ನೀವು ಬೆವರಿನಲ್ಲಿ ತೊಯ್ದಿದ್ದಿರಿ. ಕುತ್ತಿಗೆಯವರೆಗೂ ಹೊದಿಕೆ ಹೊದಿಸಿಟ್ಟಿದ್ದಳು. ಎಷ್ಟು ಕೂಗಿದರೂ ನೀವು ಕಣ್ಣು ಬಿಡಲಿಲ್ಲ.

ಬೆಳಿಗ್ಗೆಯೇ ತಂದಿದ್ದರೆ ಚೆನ್ನಾಗಿತ್ತು ಎಂದರು ಡಾಕ್ಟರು. ಸಕ್ಕರೆ ಏರಿಸಿ ಎಷ್ಟೋ ಹೊತ್ತಾಯಿತು, ಇನ್ನೂ ಎಚ್ಚರವಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನೇ. ನನಗೆ ಭಯವಾಗುತ್ತಿದೆ ಅಮ್ಮಾ. ಎದ್ದು ನನ್ನನ್ನು ಬೈಯಿರಿ, ಸ್ಕೂಲಿಗೆ ಬಂದು ಎಲ್ಲರೆದುರು ಉಗಿಯಿರಿ, ತಲೆ ತಗ್ಗಿಸಿ ನಿಲ್ಲುತ್ತೇನೆ. ನೀವು ಏಳದಿದ್ದರೆ, ಎಬ್ಬಿಸಬೇಕಿತ್ತು ಎನ್ನುವುದು ಇವಳಿಗೆ ಒಂದಲ್ಲ ಒಂದು ದಿನ ತಿಳಿದೇ ತಿಳಿಯುತ್ತದೆ. ಅವಳಿಗಾಗಿಯಾದರೂ ಏಳಿ.

ನೀವು ಕಣ್ಣು ಬಿಡುವುದನ್ನೇ ಕಾಯುತ್ತಿರುವ,
ಪುಟ್ಟಿಯ ಮಿಸ್

ತಾ.ಕ.: ನರ್ಸಮ್ಮ, ಇದು ನಿಮಗೆ. ಕಾಗದ ಕೊಡಲು ಏಳುತ್ತಿದ್ದಂತೆ ಪುಟ್ಟಿ ನನ್ನ ಕೈ ಜಗ್ಗಿ, ನರ್ಸ್ ಆಂಟಿಗೆ ಮನಸ್ಸಿನಲ್ಲೇ ಓದಲು ಹೇಳಿ, ಅಮ್ಮನಿಗೆ ಎಚ್ಚರವಾಗಿಬಿಡುತ್ತದೆ ಎಂದಳು. ಆಗಲಿ ಎಂದು ಮಾತು ಕೊಟ್ಟಿದ್ದೇನೆ. ದಯವಿಟ್ಟು ಬಾಗಿಲು ಮುಚ್ಚಿಕೊಂಡು ಗಟ್ಟಿಯಾಗಿ ಓದಿ.