ಭಾನುವಾರದ ಪಾಠ ನನ್ನದು

ಮಲ್ಲೇಶ್ವರಂ, ಹದಿನೈದನೇ ಕ್ರಾಸ್
ಗುರುವಾರ, 13 ನವೆಂಬರ್ 2025

ಪ್ರೀತಿಯ ರಂಗು,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೆ? ಬಾಣಂತಿ ಆರಾಧನಾ ಸರಿಯಾಗಿ ಊಟ ಮಾಡುತ್ತಿದ್ದಾಳೆಯೆ? ನಮ್ಮ ಮೊಮ್ಮಗಳು ಯಾರನ್ನೂ ಮಲಗಲು ಬಿಡುವುದಿಲ್ಲವಂತೆ, ಭೇಷ್! ಆಫೀಸು ಕೆಲಸಕ್ಕೆ ಬಂದ ಅಳಿಯ ಶ್ರೀಹರಿ ಸಂಜೆ ಮೈಸೂರಿಗೆ ವಾಪಸು ಹೊರಡುತ್ತಾನೆ, ಅವನ ಕೈಯಲ್ಲೇ ಈ ಪತ್ರ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಅರ್ಧಕ್ಕೇ "ಅದಿರ್ಲಿ, ಗ್ಯಾಸ್ ಆಫ್ ಮಾಡಿದ್ರಾ?" ಅನ್ನುತ್ತೀ.

ವಿಷಯಕ್ಕೆ ಬರುತ್ತೇನೆ. ಮಗುವಿನ ನಾಮಕರಣ ಈ ಭಾನುವಾರವೇ ಅಂತ ಶ್ರೀಹರಿ ಬೆಳಿಗ್ಗೆ ಹೇಳಿದ ಮೇಲೇ ನನಗೆ ಗೊತ್ತಾದದ್ದು. ನಾನು ಬಾರದಿದ್ದರೆ ನಡೆದೀತೆ? ಸಿಟ್ಟಾಗಬೇಡ, ಪೂರ್ತಿ ಓದು. ಎಂಟನೇ ಕ್ರಾಸಿನ ಚೈತನ್ಯಾ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಕೆಲಸದ ಹುಡುಗರು ಸೇರಿ ಸಂಶೋಧನಾ ಪ್ರಬಂಧ ಓದುತ್ತಾರಲ್ಲ, ನಾನೂ ಹೋಗಿ ಮೂಲೆಯಲ್ಲಿ ಕೂರುತ್ತೇನಲ್ಲ, ಅಲ್ಲಿ ಈ ಸಲ ಪಾಠ ನನ್ನದು! "ಅಂಕಲ್, ಈ ಪೇಪರ್ ನೀವೇ ಹೇಳ್ಬೇಕು" ಅಂದಳು ಆ ಹುಡುಗಿ. ಆಯ್ತಮ್ಮ ಅಂದುಬಿಟ್ಟೆ. ಮೂವತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನು ರಿಪೇರಿ ಮಾಡಿದವನನ್ನು ಯಾರೂ ಬೋರ್ಡಿನ ಮುಂದೆ ನಿಲ್ಲಿಸಿರಲಿಲ್ಲ, ರಂಗು. ಆ ಖುಷಿಗೆ ಆವತ್ತು ಎರಡು ಲೋಟ ಕಾಫಿ ಜಾಸ್ತಿ ಕುಡಿದೆ.

ಪ್ರಬಂಧ ಹದಿನೆಂಟು ಪುಟ. ಮೊದಲ ಸಲ ಓದಿದಾಗ ಅರ್ಥವಾದದ್ದು ಬರೆದವರ ಹೆಸರು ಮಾತ್ರ. ನಾಲ್ಕನೇ ಸಲಕ್ಕೆ ತಲೆಗೆ ಹತ್ತಿತು. ಬೇರೆ ಬೇರೆ ಊರಲ್ಲಿ ಐದು ಕಂಪ್ಯೂಟರುಗಳಿವೆ ಅಂದುಕೋ. ಎರಡು ಕೆಟ್ಟು ನಿಂತರೂ ಉಳಿದವು ಸೇರಿ ತಮ್ಮಲ್ಲೊಬ್ಬ ಯಜಮಾನನನ್ನು ಆರಿಸಬೇಕು. ಮೂರು ಓಟು ಬಿದ್ದವನು ಯಜಮಾನ. ಒಂದು ಸುತ್ತಿನಲ್ಲಿ ಒಬ್ಬೊಬ್ಬರದು ಒಂದೇ ಓಟು, ಅದೂ ಮೊದಲು ಕೇಳಿದವರಿಗೆ. ಮಜಾ ಇರುವುದು ಇಲ್ಲಿ: ಹೂಂ ಅನ್ನುವ ಮುಂಚೆ ಅದನ್ನು ಬರೆದಿಟ್ಟುಕೊಳ್ಳಲೇಬೇಕು! ಬರೆದಿಡದ ಯಂತ್ರ, ಕರೆಂಟು ಹೋಗಿ ಬಂದ ಮೇಲೆ, ಕೊಟ್ಟ ಮಾತು ಮರೆತು ಇನ್ನೊಬ್ಬನಿಗೂ ಹೂಂ ಅನ್ನುತ್ತದೆ. ಆಗ ಒಂದು ಮನೆಗೆ ಇಬ್ಬರು ಯಜಮಾನರು, ಎಲ್ಲ ಎಕ್ಕುಟ್ಟಿಹೋಗುತ್ತದೆ. ನಿನ್ನೆ ಅದೇ ಗುಂಪಿನ ಎಂಜಿನಿಯರ್ ಆತ್ರೇಯನಿಗೆ ಇದನ್ನು ವಿವರಿಸಿದೆ. "ಸೂಪರ್ ಅಂಕಲ್, ನಂಗೇ ಇವತ್ತು ಅರ್ಥ ಆಯ್ತು" ಅಂದ. ನಾನು ಉಬ್ಬಿಹೋದೆ. ಮೊಮ್ಮಗಳ ಮದುವೆಯಲ್ಲಿ ನಾನೇ ಮುಂದೆ ನಿಲ್ಲುತ್ತೇನೆ, ಈ ಒಂದು ಭಾನುವಾರ ಬಿಟ್ಟುಕೊಡು.

ಬೀಗರಿಗೆ ನಮಸ್ಕಾರ ತಿಳಿಸು. ಆರಾಧನಾಗೂ ಪುಟ್ಟಿಗೂ ತಾತನ ತುಂಬು ಹೃದಯದ ಆಶೀರ್ವಾದ.

ನಿನ್ನ
ಚಕ್ರಪಾಣಿ

ವಿ.ಸೂ.: ಶ್ರೀಹರಿ ಶೂ ಹಾಕಿಕೊಳ್ಳುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಾಮಕರಣದ ದಿನ ನನಗೆ ಮೊದಲೇ ಯಾಕಪ್ಪ ಹೇಳಲಿಲ್ಲ ಅಂತ ಈಗ ಅವನನ್ನು ದಬಾಯಿಸಿದೆ. ಮಗು ಹುಟ್ಟಿದ ದಿನವೇ ಫೋನಿನಲ್ಲಿ "ಹನ್ನೊಂದನೇ ದಿನ ಭಾನುವಾರ ಬರತ್ತೆ, ನೀವು ಇರ್ಲೇಬೇಕು ಮಾವ" ಅಂದಿದ್ದನಂತೆ. ಆಯ್ತಪ್ಪ ಅಂದೆನಂತೆ. ಚೈತನ್ಯಾ ಕೇಳಿದ್ದು ಮೂರು ದಿನ ಆದಮೇಲೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆಯುವವಳು ನೀನು. ನೀನಿಲ್ಲ, ನಾನು ಬರೆಯಲಿಲ್ಲ. ಮೊದಲು ಕೇಳಿದ್ದು ನೀವು. ಪಾಠ ಆತ್ರೇಯ ಮಾಡಲಿ, ನನ್ನ ಹಾಳೆಗಳನ್ನು ಅವನಿಗೆ ಕೊಟ್ಟು ಶನಿವಾರ ಸಂಜೆಯ ರೈಲಿಗೆ ಬರುತ್ತೇನೆ. ಸಂಕಟವಾಗುತ್ತಿದೆ, ಸುಳ್ಳು ಯಾಕೆ ಹೇಳಲಿ. ಭಾನುವಾರ ಎಲ್ಲರ ಊಟ ಮುಗಿದ ಮೇಲೆ ಅರ್ಧ ಗಂಟೆ ನೀನೊಬ್ಬಳು ನನ್ನೆದುರು ಕೂತುಕೋ. ಅರ್ಥವಾಗದಿದ್ದರೂ ಪರವಾಗಿಲ್ಲ ರಂಗು, ನನಗೆ ಒಂದು ಸಲ ಪೂರ್ತಿ ಹೇಳಬೇಕು.