ಏನೂ ಆಗಲ್ಲ ಬಿಡ್ರಿ

ಆಗಸ್ಟ್ 3, ಭಾನುವಾರ
ಬಳ್ಳಾರಿ ಬ್ರೂಸ್‌ಪೇಟೆಯ ಕೋಚಿಂಗ್ ಮುಗಿಸಿ, ಸಿರುಗುಪ್ಪ ಬಸ್ಸಿನಲ್ಲಿ ಬಸವಳಿದು ಬರೆಯುತ್ತಿದ್ದೇನೆ. ಓಇಟಿ — ನರ್ಸುಗಳ ಇಂಗ್ಲಿಷ್ ಪರೀಕ್ಷೆ. ಓದುವುದು, ಬರೆಯುವುದು, ಕೇಳುವುದು ಪಾಸ್. ಮಾತಾಡುವುದರಲ್ಲಿ ಮಾತ್ರ ಸಿ ಪ್ಲಸ್. ಹುಟ್ಟಿದಾಗಿನಿಂದ ಬಾಯಿ ಮುಚ್ಚದವಳಿಗೆ. ಬಿ ಬಂದರೆ ಐರ್ಲೆಂಡಿನ ಆಸ್ಪತ್ರೆ ನೌಕರಿ ನನ್ನದು. ಈ ಸಲವೂ ತಪ್ಪಿದರೆ ಅವರು ಬೇರೆಯವರನ್ನು ಕರೆಯುತ್ತಾರೆ.

ಎಲ್ಲಿ ಎಡವುತ್ತೇನೆಂದು ಚಿದಾನಂದಪ್ಪ ಸರ್ ಇವತ್ತು ಹಿಡಿದರು. ಪರೀಕ್ಷೆಯಲ್ಲಿ ಇರುವಂತೆ ರೋಗಿಯ ಪಾತ್ರದಲ್ಲಿ ಎದುರು ಕೂತು, ತನಗೆ ಕ್ಯಾನ್ಸರ್ ಇರಬಹುದೇ ಎಂದು ಕೇಳಿದರು. ನಾನು ಥಟ್ಟನೆ — ನಥಿಂಗ್ ವಿಲ್ ಹ್ಯಾಪನ್, ಡೋಂಟ್ ವರಿ.

“ರಿಪೋರ್ಟ್ ಬರಾಕ ಮೊದಲ ನಿನಗ ಹೆಂಗ ಗೊತ್ತಾತವ್ವಾ?”

ಕುರುಗೋಡಿನ ಆಸ್ಪತ್ರೆ ವಾರ್ಡಿನಲ್ಲಿ ದಿನವಿಡೀ ಅದನ್ನೇ ಹೇಳುತ್ತೇನೆ. ಏನೂ ಆಗಲ್ಲ ಬಿಡ್ರಿ. ಸಲೈನ್‌ಗಿಂತ ಮೊದಲು ಅದೇ ಏರುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕಟ್.

ಆಗಸ್ಟ್ 6, ಬುಧವಾರ
ಗಂಡ ಮಾರೇಶನನ್ನು ರೋಗಿ ಮಾಡಿದೆ. ಅಕ್ಕಿ ಮಿಲ್ಲಿನ ಮೈಕಟ್ಟು, ರೋಗ ನಂಬಿಸುವುದೇ ಕಷ್ಟ. “ಐ ಹ್ಯಾವ್ ಹಾರ್ಟ್…” ಎನ್ನುವಷ್ಟರಲ್ಲಿ ಅತ್ತೆ ಈರಮ್ಮ ಉಪ್ಪು, ಮೆಣಸಿನಕಾಯಿ ಹಿಡಿದು ಬಂದು ಮಗನಿಗೆ ದೃಷ್ಟಿ ತೆಗೆದರು. ಅತ್ತೆಗೆ ಇಂಗ್ಲಿಷ್ ಬರದು, ಹಾರ್ಟ್ ಬರುತ್ತದೆ.

“ಇಲ್ಲದ ಜಡ್ಡು ಬಾಯಿಲೆ ಕರಿಬಾರ್ದು.”

ಕೊನೆಗೆ ರಾಜಿ: ನೆಗಡಿ, ತುರಿಕೆ, ಕಾಲು ಉಳುಕು — ಇಷ್ಟಕ್ಕೆ ಪರವಾನಗಿ. ತುರಿಕೆಗೆ ಯಾರು ಸಾವಿನ ಪ್ರಶ್ನೆ ಕೇಳುತ್ತಾರೆ?

ಆಗಸ್ಟ್ 17, ಭಾನುವಾರ
ಕೋಚಿಂಗ್‌ನಲ್ಲಿ ಮತ್ತೆ ಜಾರಿತು. ನಥಿಂಗ್ ವಿಲ್ ಹ್ಯಾಪನ್. ಸರ್ ಬೈಯಲಿಲ್ಲ… ಅದೇ ಬೈಗುಳ.

ಆಗಸ್ಟ್ 20, ಬುಧವಾರ
ಅತ್ತೆ ತಾವೇ ಬಂದು ಕುರ್ಚಿಯಲ್ಲಿ ಕೂತರು. ಮಗ ಬೇಡ, ರೋಗಿ ತಾವಾಗುತ್ತಾರಂತೆ, ಕನ್ನಡದಲ್ಲಿ. ಇಲ್ಲದ್ದು ಹೇಳುವುದಿಲ್ಲ, ಇದ್ದದ್ದೇ ಹೇಳುತ್ತೇನೆ ಎಂದರು. ಸೋಮವಾರ ಬಳ್ಳಾರಿಯಲ್ಲಿ ಅವರ ಕಣ್ಣಿನ ಪೊರೆ ಆಪರೇಷನ್. ಮನೆಮಂದಿಯೆಲ್ಲ ಏನೂ ಆಗಲ್ಲ ಎಂದು ಹೇಳಿ ಮುಗಿಸಿದ್ದೇವೆ.

“ಕಣ್ಣು ಹೋಗಿಬಿಟ್ರ ಏನ್ ಮಾಡ್ಲಿ?”

ಬಾಯಿಗೆ ಬಂದದ್ದನ್ನು ನುಂಗಿದೆ. “ಯಾವುದಕ್ಕ ಹೆದರಿಕಿ ಆಗೇತ್ರಿ ಅತ್ತಿ?”

ಸೆರಗಿನ ಅಂಚು ಸವರಿದರು.

“ಕಣ್ಣು ಕಟ್ಟಿದಾಗ ಬಾಜೂಕ ಯಾರಿರ್ತಾರ ಅಂತ.”

ನಾನಿರುತ್ತೇನೆ, ಅವತ್ತು ರಜೆ ಹಾಕುತ್ತೇನೆ ಎಂದೆ. ಅತ್ತೆ ಎದ್ದರು.

“ಇಷ್ಟು ಕೇಳಾಕ ಇಂಗ್ಲಿಷ್ ಪರೀಕ್ಷಿ ಬೇಕಾತೇನ ನಿನಗ?”

ಸೆಪ್ಟೆಂಬರ್ 6, ಶನಿವಾರ
ಬೆಂಗಳೂರು. ಪರೀಕ್ಷೆ ಆಯಿತು. ರೋಗಿಯ ಪಾತ್ರದ ಹೆಂಗಸು ಕೇಳಿದಳು — ವಿಲ್ ಐ ಡೈ? ನಾಲಿಗೆ ಒಂದು ಹೆಜ್ಜೆ ಮುಂದಿಟ್ಟು ನಿಂತಿತು. ವಾಟ್ ವರೀಸ್ ಯೂ ಮೋಸ್ಟ್, ಎಂದೆ. ಆಕೆ ತನ್ನ ಪಾತ್ರದ ಮಾತು ಬರೆದಿದ್ದ ಕಾರ್ಡು ನೋಡಿದಳು. ಉತ್ತರ ಅಲ್ಲಿರಲಿಲ್ಲವೇನೋ. ನಿಧಾನವಾಗಿ ತನ್ನ ಮಕ್ಕಳ ವಿಷಯ ಹೇಳತೊಡಗಿದಳು. ನಾನು ಕೇಳಿಸಿಕೊಂಡೆ, ಅಷ್ಟೇ.

ಸೆಪ್ಟೆಂಬರ್ 23, ಮಂಗಳವಾರ
ರಿಸಲ್ಟ್ ಬಂತು. ಅತ್ತೆ ಆಪರೇಷನ್ನಿನ ಕಪ್ಪು ಕನ್ನಡಕ ಹಣೆಗೇರಿಸಿ ಫೋನಿಗೆ ಮುಖ ತಂದರು. ಸ್ಪೀಕಿಂಗ್ — ಬಿ.

“ಎ ಯಾಕ ಬರ್ಲಿಲ್ಲ?”

ವಿವರಿಸಲು ಹೊರಟೆ. ಯಾರು ಕೇಳುತ್ತಾರೆ? ಆಗಲೇ ಓಣಿಗೆಲ್ಲ ಹೇಳಿ ಬಂದು, ಪಾಯಸಕ್ಕೆ ಬೆಲ್ಲ ಕುಟ್ಟುತ್ತಿದ್ದಾರೆ. ಒಲೆಯ ಮೇಲೆ ಹಾಲು, ಕಾವಲಿಗೆ ನಾನು, ಕೈಯಲ್ಲಿ ಪೆನ್ನು… ಅಯ್ಯೋ ಉಕ್ಕಿ—